ವೈದ್ಯರ ಬಳಿ ಸೇರುವ ಮುನ್ನ

ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಮಕ್ಕಳ ಕಾಯಿಲೆಯ ವಿಷಯದಲ್ಲಿ ಅದು ಎಷ್ಟು ಸತ್ಯವೆಂಬುದನ್ನು ಮಾತ್ರ ಮರೆಯುತ್ತೇವೆ. ದೊಡ್ಡವರ ದೇಹ ಒಂದೆರಡು ದಿನ ತಡೆದುಕೊಳ್ಳುವುದನ್ನು ಕೂಸಿನ ದೇಹ ಕೆಲವು ಗಂಟೆಗಳ ಕಾಲವೂ ತಡೆಯಲಾರದು. ನಾನು ವೈದ್ಯಶಾಸ್ತ್ರದ ವಿದ್ಯಾರ್ಥಿಯಲ್ಲ. ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವವನು. ಆದರೆ ಸಂಜಯನಗರದ ನಮ್ಮ ಬೀದಿಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ವಿರಳ. ಮನೆಗೆಲಸಕ್ಕೂ ಗಾರೆಕೆಲಸಕ್ಕೂ ಹೋಗುವ ತಾಯಂದಿರು ಔಷಧಿಯ ಚೀಟಿ ಹಿಡಿದು ನಮ್ಮ ಬಾಗಿಲಿಗೆ ಬರುತ್ತಾರೆ. ಆದುದರಿಂದಲೇ ಈ ವಿಷಯವನ್ನು ತಿಳಿಯಬೇಕಾಯಿತು. ತಿಳಿದಷ್ಟನ್ನು ವಾಚಕರ ಮುಂದಿಡುತ್ತೇನೆ.

ಐದು ವರ್ಷದೊಳಗಿನ ಮಗುವಿನಲ್ಲಿ ಅಪಾಯದ ಗುರುತುಗಳು ಮುಖ್ಯವಾಗಿ ನಾಲ್ಕು: ಹಾಲನ್ನಾಗಲಿ ನೀರನ್ನಾಗಲಿ ಕುಡಿಯಲಾರದಿರುವುದು, ಕುಡಿದುದನ್ನೆಲ್ಲ ವಾಂತಿ ಮಾಡುವುದು, ಸೆಳವು ಬರುವುದು, ಎಬ್ಬಿಸಿದರೂ ಎಚ್ಚರಗೊಳ್ಳದೆ ಜೋಲು ಬೀಳುವುದು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಬಾರದು. ಎರಡು ತಿಂಗಳೊಳಗಿನ ಕೂಸಿಗಾದರೆ ಜ್ವರವೊಂದೇ ಸಾಕು, ಕೂಡಲೇ ವೈದ್ಯರಿಗೆ ತೋರಿಸಬೇಕು.

ಉಸಿರನ್ನು ಅಳೆಯಲು ಗಡಿಯಾರವೊಂದಿದ್ದರೆ ಸಾಕು. ಮಗು ಅಳದೆ ಸುಮ್ಮನಿರುವಾಗ ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳೊಳಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಅದಕ್ಕೂ ಹೆಚ್ಚಾದರೆ ಅದು ವೇಗದ ಉಸಿರು, ನ್ಯುಮೋನಿಯಾ ಇರಬಹುದು. ಉಸಿರೆಳೆದಾಗ ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಸೆಳೆದರೆ, ತುಟಿ ನೀಲಿಗಟ್ಟಿದರೆ ಗಂಡಾಂತರವೆಂದೇ ತಿಳಿಯಬೇಕು.

ಭೇದಿಯಲ್ಲಿ ಮಗುವನ್ನು ಕೊಲ್ಲುವುದು ಬಹುಮಟ್ಟಿಗೆ ನೀರಿನ ನಷ್ಟ. ಕಣ್ಣು ಗುಳಿಬೀಳುವುದು, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರೆ ನಿಧಾನವಾಗಿ ಇಳಿಯುವುದು, ಮೂತ್ರ ಕಡಿಮೆಯಾಗುವುದು ಇದರ ಲಕ್ಷಣಗಳು. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಸಿರೆಗೆ ಕೊಡುವ ದ್ರವ ಮುಗಿಯುತ್ತ ಬಂದಾಗ, ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು, ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಬಾಯಿಂದಲೇ ಕುಡಿಸಿದರು. ಕುಡಿಸಿದವರಲ್ಲಿ ರೋಗಿಗಳ ಬಂಧುಗಳೇ ಇದ್ದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಗ್ಲೂಕೋಸ್ ಕರುಳಿನಲ್ಲಿ ಉಪ್ಪನ್ನು ಜೊತೆಗೂಡಿಸಿಕೊಂಡು ಒಳಹೋಗುತ್ತದೆ. ನೀರು ಅದರ ಹಿಂದೆ ಹೋಗುತ್ತದೆ. ಇಂದಿನ ಓಆರ್‌ಎಸ್ ಪೊಟ್ಟಣದ ಗುಟ್ಟು ಇಷ್ಟೇ. ಆದರೆ ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್, ಚಿಕ್ಕದಕ್ಕೆ 200 ಮಿಲಿಲೀಟರ್ ನೀರೆಂಬ ಅಳತೆ ತಪ್ಪಬಾರದು. ಪ್ರತಿ ಸಲ ಭೇದಿಯಾದಾಗಲೂ ಚಮಚದಿಂದ ಸ್ವಲ್ಪಸ್ವಲ್ಪವಾಗಿ ಕೊಡಬೇಕು. ತಾಯಿಯ ಹಾಲನ್ನೂ ಊಟವನ್ನೂ ನಿಲ್ಲಿಸಬಾರದು.

ಸೆಳವನ್ನು ಬಾಲಗ್ರಹವೆಂದು ಕರೆದು ಬರೆ ಹಾಕುವ ಪದ್ಧತಿ ನಮ್ಮ ನಾಡಿನಿಂದ ಇನ್ನೂ ಪೂರ್ಣವಾಗಿ ತೊಲಗಿಲ್ಲ. ಸುಡುವ ಗಾಯ ರೋಗವನ್ನು ಕಳೆಯುವುದಿಲ್ಲ. ಇನ್ನೊಂದು ರೋಗವನ್ನು ಕೂಡಿಸುತ್ತದೆ. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ಕೆಲವರಿಗೆ ಜ್ವರದಿಂದಲೇ ಸೆಳವು ಬರುವುದುಂಟು. ಆಗ ಮಗುವನ್ನು ಮಗ್ಗುಲಾಗಿ ಮಲಗಿಸಿ, ಬಟ್ಟೆಯನ್ನು ಸಡಿಲಿಸಿ, ಹೊತ್ತನ್ನು ನೋಡಿಕೊಳ್ಳಬೇಕು. ಬಾಯಿಗೆ ಚಮಚ, ನೀರು ಏನನ್ನೂ ಹಾಕಬಾರದು, ಕೈಕಾಲು ಅದುಮಬಾರದು. ಸೆಳವು ನಿಂತರೂ ವೈದ್ಯರಿಗೆ ತೋರಿಸಬೇಕು. ಐದು ನಿಮಿಷ ಮೀರಿದರೆ ಆಂಬುಲೆನ್ಸ್ ಕರೆಯಲೇಬೇಕು.

ಕಡಲೆಬೀಜವೋ ನಾಣ್ಯವೋ ಗಂಟಲಲ್ಲಿ ಸಿಕ್ಕಿ ಕೆಮ್ಮಲೂ ಅಳಲೂ ಆಗದಿದ್ದರೆ ಕ್ಷಣವೂ ಅಮೂಲ್ಯ. ವರ್ಷದೊಳಗಿನ ಕೂಸನ್ನು ತಲೆ ತಗ್ಗಿಸಿ ಮುಂಗೈ ಮೇಲೆ ಬೋರಲಾಗಿ ಮಲಗಿಸಿ, ಬೆನ್ನಿಗೆ ಐದು ಸಲ ತಟ್ಟಬೇಕು. ಹೋಗದಿದ್ದರೆ ಮಗುಚಿ ಎದೆಯ ನಡುವೆ ಎರಡು ಬೆರಳಿಂದ ಐದು ಸಲ ಒತ್ತಬೇಕು. ಕಾಣದ ವಸ್ತುವಿಗಾಗಿ ಬಾಯಲ್ಲಿ ಬೆರಳಾಡಿಸಿದರೆ ಅದು ಇನ್ನೂ ಒಳಸರಿಯುತ್ತದೆ. ಸೀಮೆಎಣ್ಣೆ ಕುಡಿದ ಮಗುವಿಗೆ ವಾಂತಿ ಮಾಡಿಸಕೂಡದು. ಎಣ್ಣೆ ಶ್ವಾಸಕೋಶಕ್ಕೆ ಹೋದೀತು.

ವಾಣಿವಿಲಾಸ ಆಸ್ಪತ್ರೆ, ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಎರಡೂ ನಮಗೆ ದೂರ. ಮೇಖ್ರಿ ವೃತ್ತದ ವಾಹನಸಂದಣಿಯನ್ನು ದಾಟಬೇಕು. ಪ್ರಾಣಸಂಕಟದಲ್ಲಿ ಹೆಸರಾಂತ ಆಸ್ಪತ್ರೆಗಿಂತ ಹತ್ತಿರದ ಆಸ್ಪತ್ರೆಯೇ ಮೇಲು. 2008ರಿಂದ ನಮ್ಮ ರಾಜ್ಯದಲ್ಲಿರುವ 108 ಆಂಬುಲೆನ್ಸಿಗೆ ಹಣ ಕೊಡಬೇಕಾಗಿಲ್ಲ.

ಪದವಿಯಿಂದ ನಮಗೆ ಉದ್ಯೋಗ ದೊರೆಯುವುದೋ ಇಲ್ಲವೋ, ಪೊಟ್ಟಣದ ಮೇಲಿನ ಅಕ್ಷರವನ್ನು ಓದಿ ಹೇಳುವ ಶಕ್ತಿಯಂತೂ ದೊರೆತಿದೆ. ನಮ್ಮಲ್ಲಿ ಒಬ್ಬೊಬ್ಬರು ನೆರೆಯ ಹತ್ತು ಮನೆಗಳಿಗೆ ಇಷ್ಟನ್ನು ತಿಳಿಸಿದರೆ, ಓದು ಬಾರದ ತಾಯಿಯ ಮಗುವೂ ಓದಿದವರ ಮಗುವಿನಂತೆಯೇ ಬದುಕಿ ಬೆಳೆದೀತು.