ಇಳುಕಲಿಗೆ ಮುಂಚೆ ಗೇರು, ಆಮೇಲೆ ದೇವರು!
ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡವರೂ ಓದಬೇಕಾದ ಮಾತು

ಮಂಡ್ಯ ಸೀಮೆಯಲ್ಲಿ ಕಬ್ಬು ಅರೆಯುವ ಕಾಲ ಬಂತೆಂದರೆ ಬಸ್ಸಿನವರ ಪಾಡು ಕೇಳಬೇಡಿ. ಮುಂದೆ ಒಂದು ಟ್ರ್ಯಾಕ್ಟರು, ಅದರ ಹಿಂದೆ ಆನೆ ಗಾತ್ರದ ಕಬ್ಬಿನ ಟ್ರೇಲರು, ಕೆಲವು ಸಲ ಒಂದಲ್ಲ ಎರಡು. ಎರಡೂ ಕಡೆ ಸೋಗೆ ನೇತಾಡುತ್ತಿರುತ್ತದೆ. ಹಾರನ್ ಹೊಡೆದರೆ ಡ್ರೈವರಿಗೆ ಕೇಳಿಸುವುದಿಲ್ಲ, ಅವನ ಕ್ಯಾಸೆಟ್ಟಿನ ಹಾಡು ಮಾತ್ರ ಊರಿಗೆಲ್ಲ ಕೇಳಿಸುತ್ತದೆ. ಕೆಲಸಕ್ಕೆ ಹೊತ್ತಾಯಿತೆಂದು ಬೈಯುತ್ತಾ ಕುಳಿತಿರುವ ಪ್ರಯಾಣಿಕರು ಒಂದು ವಿಷಯ ಗಮನಿಸಿರಬಹುದು. ಏರಿನಲ್ಲಿ ತೆವಳುವ ಇದೇ ಟ್ರ್ಯಾಕ್ಟರು ಇಳುಕಲು ಬಂದ ಕೂಡಲೇ ದಿಢೀರನೆ ಓಡತೊಡಗುತ್ತದೆ. ಇಂಜಿನ್ನಿನ ಸದ್ದು ಅಡಗುತ್ತದೆ. ಟ್ರೇಲರು ಆ ಕಡೆ ಈ ಕಡೆ ವಾಲಾಡುತ್ತದೆ.

‘ಪರವಾಗಿಲ್ಲ, ಈಗಲಾದರೂ ಬೇಗ ಹೋಗ್ತಾ ಇದ್ದಾನೆ’ ಎಂದು ಬಸ್ಸಿನಲ್ಲಿರುವವರು ಸಮಾಧಾನಪಟ್ಟುಕೊಳ್ಳುತ್ತಾರೆ. ಸಮಾಧಾನ ಪಡುವ ಸಂಗತಿ ಅಲ್ಲ ಸ್ವಾಮಿ ಅದು. ಆ ಡ್ರೈವರು ಗೇರು ತೆಗೆದು ನ್ಯೂಟ್ರಲ್ಲಿಗೆ ಹಾಕಿದ್ದಾನೆ. ಹತ್ತಿಪ್ಪತ್ತು ಟನ್ ಭಾರ ಈಗ ಯಾರ ಹಿಡಿತದಲ್ಲೂ ಇಲ್ಲ.

ಡೀಸೆಲ್ ಉಳಿತಾಯದ ಕಥೆ

ಹೀಗೇಕೆ ಮಾಡ್ತೀಯಪ್ಪಾ ಎಂದು ಯಾವ ಟೀ ಅಂಗಡಿಯ ಮುಂದೆ ಕೇಳಿದರೂ ಒಂದೇ ಉತ್ತರ: ‘ಡೀಸೆಲ್ ಉಳೀತದೆ ಕನಣ್ಣ. ಅದೇ ಓಡ್ಕ ಹೋಯ್ತದೆ. ಏನೂ ಆಗಕಿಲ್ಲ ಬುಡು.’

ಮೊದಲು ಈ ಡೀಸೆಲ್ ಲೆಕ್ಕ ನೋಡೋಣ. ಟ್ರ್ಯಾಕ್ಟರಿನ ಡೀಸೆಲ್ ಪಂಪಿನಲ್ಲಿ ಗವರ್ನರ್ ಎಂಬುದೊಂದಿದೆ. ಇಂಜಿನ್ ಎಷ್ಟು ಸುತ್ತಬೇಕೋ ಅದಕ್ಕಿಂತ ಜಾಸ್ತಿ ಸುತ್ತತೊಡಗಿದರೆ ಅದು ಡೀಸೆಲನ್ನು ಕಡಿಮೆ ಮಾಡುತ್ತದೆ. ಗೇರಿನಲ್ಲಿಟ್ಟು, ಆಕ್ಸಿಲರೇಟರ್ ಪೂರ್ತಿ ಬಿಟ್ಟು ಇಳಿಯುವಾಗ ಇಂಜಿನ್ನನ್ನು ತಿರುಗಿಸುವುದು ಚಕ್ರಗಳೇ. ಆಗ ಪಂಪು ಡೀಸೆಲ್ ಕೊಡುವುದನ್ನೇ ಹೆಚ್ಚುಕಡಿಮೆ ನಿಲ್ಲಿಸುತ್ತದೆ. ನ್ಯೂಟ್ರಲ್ಲಿನಲ್ಲಾದರೋ ಇಂಜಿನ್ ಆರಿಹೋಗದಂತೆ ಸುಮ್ಮನೆ ಸುತ್ತುತ್ತಿರಲು ಒಂದಿಷ್ಟು ಡೀಸೆಲ್ ಬೇಕೇ ಬೇಕು. ಅಂದಮೇಲೆ ಉಳಿತಾಯ ಎಲ್ಲಿಂದ ಬಂತು?

ಇನ್ನು ಕೆಲವು ಮಹಾಶಯರಿದ್ದಾರೆ, ಇಂಜಿನ್ನನ್ನೇ ಆಫ್ ಮಾಡಿ ಇಳಿಯುವವರು. ಪವರ್ ಸ್ಟಿಯರಿಂಗ್ ಇರುವ ಟ್ರ್ಯಾಕ್ಟರಿನಲ್ಲಿ ಇಂಜಿನ್ ನಿಂತರೆ ಸ್ಟಿಯರಿಂಗು ಕಲ್ಲಿನ ಹಾಗೆ ಬಿಗಿಯಾಗುತ್ತದೆ. ತಿರುವಿನಲ್ಲಿ ಅದನ್ನು ತಿರುಗಿಸಲು ಭೀಮನ ತೋಳು ಬೇಕು. ಉಳಿಯುವ ಡೀಸೆಲ್ ಎಷ್ಟು? ಒಂದು ಕಿಲೋಮೀಟರ್ ಇಳುಕಲಿಗೆ ಒಂದು ಸಣ್ಣ ಲೋಟದಷ್ಟೂ ಇಲ್ಲ.

ನೂಕುವವನು ಯಾರು?

ಟ್ರ್ಯಾಕ್ಟರು ಟ್ರೇಲರನ್ನು ಎಳೆಯುತ್ತದೆ ಎಂದು ಎಲ್ಲರೂ ಬಲ್ಲರು. ಇಳುಕಲಿನಲ್ಲಿ ಲೆಕ್ಕ ಉಲ್ಟಾ. ಅಲ್ಲಿ ಟ್ರೇಲರೇ ಟ್ರ್ಯಾಕ್ಟರನ್ನು ನೂಕುತ್ತದೆ.

ಸಾಮಾನ್ಯ ಟ್ರ್ಯಾಕ್ಟರಿನ ತೂಕ ಸುಮಾರು 2 ಟನ್. ಹಿಂದಿನ ಟ್ರೇಲರು, ಕಬ್ಬು ಸೇರಿ 10 ಟನ್ ಎನ್ನೋಣ. 20 ಅಡಿ ಮುಂದೆ ಹೋದರೆ 1 ಅಡಿ ಇಳಿಯುವ ರಸ್ತೆಯಲ್ಲಿ ಈ ಟ್ರೇಲರು ಟ್ರ್ಯಾಕ್ಟರಿನ ಬೆನ್ನನ್ನು ಅರ್ಧ ಟನ್ ಬಲದಿಂದ ತಳ್ಳುತ್ತದೆ. ಐದು ಮೂಟೆ ಅಕ್ಕಿಯ ಭಾರವನ್ನು ಯಾರೋ ಬೆನ್ನಿಗೆ ಒತ್ತಿ ಹಿಡಿದು ಓಡಿಸಿದ ಹಾಗೆ. ನಮ್ಮ ಕಡೆಯ ಹಲವು ಟ್ರೇಲರುಗಳಿಗೆ ಸ್ವಂತ ಬ್ರೇಕೇ ಇರುವುದಿಲ್ಲ. ಇದ್ದರೂ ಅದು ಕೆಲಸ ಮಾಡುತ್ತದೋ ಇಲ್ಲವೋ ಎಂದು ನೋಡಿದವರು ಕಡಿಮೆ. ಎಲ್ಲ ಭಾರವನ್ನೂ ಆ 2 ಟನ್ನಿನ ಟ್ರ್ಯಾಕ್ಟರಿನ ಹಿಂದಿನ ಎರಡು ಚಕ್ರಗಳ ಬ್ರೇಕೇ ತಡೆಯಬೇಕು.

ತಡೆಯುವುದೆಂದರೆ ಶಾಖ. 10 ಟನ್ ಭಾರ 50 ಮೀಟರ್ ಕೆಳಗಿಳಿದರೆ ಹುಟ್ಟುವ ಶಾಖದಲ್ಲಿ ಸುಮಾರು 15 ಲೀಟರ್ ತಣ್ಣೀರನ್ನು ಕುದಿಸಬಹುದು. ಹೋಟೆಲಿನವರಿಗೆ ಗೊತ್ತು, ಅಷ್ಟು ನೀರು ಕುದಿಯಲು ಒಲೆ ಎಷ್ಟು ಹೊತ್ತು ಉರಿಯಬೇಕೆಂದು. ಆ ಶಾಖವೆಲ್ಲ ಎರಡು ಬ್ರೇಕುಗಳೊಳಗೆ ಕೆಲವೇ ನಿಮಿಷಗಳಲ್ಲಿ ಸೇರಿದರೆ ಲೈನಿಂಗ್ ಸುಟ್ಟು ಜಾರತೊಡಗುತ್ತದೆ. ಪೆಡಲ್ ಒತ್ತಿದಷ್ಟೂ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ.

ವೇಗದ್ದು ಇನ್ನೊಂದು ಲೆಕ್ಕ. 20 ಕಿಲೋಮೀಟರಿನಲ್ಲಿ ಹೋಗುವ ಗಾಡಿ 40ಕ್ಕೆ ಏರಿದರೆ ನಿಲ್ಲಿಸುವ ಕಷ್ಟ ಎರಡು ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ.

ಗೇರೇ ದೊಡ್ಡ ಬ್ರೇಕು

ಗೇರಿನಲ್ಲಿಟ್ಟು ಇಳಿದರೆ ಇಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ. ಅದಕ್ಕೆ ಲೈನಿಂಗ್ ಇಲ್ಲ, ಸುಡುವ ಭಯ ಇಲ್ಲ. ಹಾಗಾದರೆ ಯಾವ ಗೇರು?

ಹಳೆಯ ಡ್ರೈವರುಗಳು ಹೇಳಿಕೊಂಡು ಬಂದ ಸೂತ್ರ ಬಹಳ ಸುಲಭ. ಇದೇ ದಿಬ್ಬವನ್ನು ಇದೇ ಲೋಡಿನೊಂದಿಗೆ ಹತ್ತಬೇಕಾದರೆ ಯಾವ ಗೇರು ಬೇಕಾಗುತ್ತಿತ್ತೋ, ಇಳಿಯಲೂ ಅದೇ ಗೇರು. ಅನುಮಾನ ಬಂದರೆ ಅದಕ್ಕಿಂತ ಒಂದು ಕೆಳಗಿನದು. 8 ಮುಂದಿನ ಗೇರಿರುವ ಟ್ರ್ಯಾಕ್ಟರಿನಲ್ಲಿ ನಾಲ್ಕು ಲೋ ಕಡೆ, ನಾಲ್ಕು ಹೈ ಕಡೆ. ಲೋಡು ಜಾಸ್ತಿಯಿದ್ದು ಇಳುಕಲು ಕಡಿದಾಗಿದ್ದರೆ ಲೋ ಕಡೆಗೇ ಬರಬೇಕು. ಮರ್ಯಾದೆ ಹೋಗುವುದಿಲ್ಲ.

ಅಸಲು ಮಾತು ಇನ್ನೂ ಮುಂದಿದೆ. ಗೇರು ಹಾಕಬೇಕಾದ್ದು ಇಳುಕಲಿನ ನೆತ್ತಿಯಲ್ಲಿ, ಇಳಿಯತೊಡಗಿದ ಮೇಲಲ್ಲ. ಬಹಳಷ್ಟು ಟ್ರ್ಯಾಕ್ಟರುಗಳಲ್ಲಿ ಕಾರಿನ ಹಾಗೆ ಓಡುತ್ತಿರುವಾಗಲೇ ಸಲೀಸಾಗಿ ಗೇರು ಬದಲಿಸಲು ಆಗುವುದಿಲ್ಲ. ಅರ್ಧ ಇಳುಕಲಿನಲ್ಲಿ ಕ್ಲಚ್ಚು ತುಳಿದ ಕ್ಷಣವೇ ಗಾಡಿ ನ್ಯೂಟ್ರಲ್ಲಿಗೆ ಹಾಕಿದ ಹಾಗೆ. ಟ್ರೇಲರು ನೂಕುತ್ತದೆ, ವೇಗ ಏರುತ್ತದೆ. ಕೆಳಗಿನ ಗೇರು ಹಾಕಲು ಹೋದರೆ ಕರ್ ಕರ್ ಎಂದು ಹಲ್ಲು ಕಡಿಯುತ್ತದೆ, ಕೂರುವುದಿಲ್ಲ. ಬಿಟ್ಟ ಗೇರಿಗೆ ವಾಪಸು ಹೋಗಲೂ ಆಗುವುದಿಲ್ಲ. ಆಮೇಲೆ ಉಳಿಯುವುದು ಬ್ರೇಕು ಮತ್ತು ಮನೆದೇವರು.

ಹಾಗೆಂದು ಗೇರು ಹಾಕಿ ಸುಮ್ಮನೆ ಕೂರುವಂತಿಲ್ಲ. ಕೈ ಆಕ್ಸಿಲರೇಟರನ್ನು ಮರೆಯದೆ ಪೂರ್ತಿ ಇಳಿಸಬೇಕು. ಅದನ್ನು ಏರಿಸಿಟ್ಟೇ ಬಿಟ್ಟರೆ ಇಂಜಿನ್ ಹಿಡಿಯುವ ಬದಲು ತಾನೂ ಓಡಿಸುತ್ತದೆ. ಇಂಜಿನ್ ಕಿರುಚತೊಡಗಿದರೆ ಬ್ರೇಕನ್ನು ಗಟ್ಟಿಯಾಗಿ ಒಮ್ಮೆ ಒತ್ತಿ ವೇಗ ತಗ್ಗಿಸಿ ಬಿಡಬೇಕು. ಕಾಲನ್ನು ಪೆಡಲಿನ ಮೇಲೆಯೇ ಇಟ್ಟು ಉದ್ದಕ್ಕೂ ಉಜ್ಜಿಕೊಂಡು ಬಂದರೆ ಬ್ರೇಕು ಕಾಯುತ್ತದೆ.

ಎರಡು ಪೆಡಲಿನ ಗುಟ್ಟು

ಅಂಗಡಿಯವರಿಗೆ, ಬಸ್ಸಿನವರಿಗೆ ಗೊತ್ತಿರಲಿಕ್ಕಿಲ್ಲ. ಟ್ರ್ಯಾಕ್ಟರಿಗೆ ಬ್ರೇಕ್ ಪೆಡಲ್ ಎರಡು. ಎಡಗಡೆಯದು ಹಿಂದಿನ ಎಡ ಚಕ್ರಕ್ಕೆ, ಬಲಗಡೆಯದು ಬಲ ಚಕ್ರಕ್ಕೆ. ಹೊಲದ ಬದುವಿನ ಹತ್ತಿರ ಚಿಕ್ಕ ಜಾಗದಲ್ಲಿ ತಿರುಗಿಸಲು ಈ ಏರ್ಪಾಡು. ರಸ್ತೆಗೆ ಬಂದಾಗ ಎರಡನ್ನೂ ಸೇರಿಸಿ ಲಾಕ್ ಮಾಡಲು ಒಂದು ಕೊಂಡಿ ಇಟ್ಟಿರುತ್ತಾರೆ.

ಉಳುಮೆ ಮುಗಿಸಿ ನೇರ ಕಬ್ಬು ಕಟ್ಟಿಕೊಂಡು ಹೊರಟವನು ಆ ಕೊಂಡಿ ಹಾಕುವುದನ್ನು ಮರೆಯುತ್ತಾನೆ. ಇಳುಕಲಿನಲ್ಲಿ ಗಾಬರಿಯಾಗಿ ಒಂದೇ ಪೆಡಲ್ ತುಳಿದನೋ, ಒಂದು ಚಕ್ರ ಹಿಡಿಯಿತು, ಇನ್ನೊಂದು ಓಡಿತು. ಟ್ರ್ಯಾಕ್ಟರು ಅಡ್ಡಡ್ಡ ತಿರುಗಿತು. ಹಿಂದಿನ ಟ್ರೇಲರು ನೂಕುತ್ತಲೇ ಬಂದು ಚಾಕು ಮಡಚಿದ ಹಾಗೆ ಮಡಚಿಕೊಂಡಿತು. ನಾಲೆ ಏರಿಯ ರಸ್ತೆಯಲ್ಲಾದರೆ ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ. ಎದುರಿನಿಂದ ಬರುವ ಸ್ಕೂಟರಿನವನು ಎಲ್ಲಿಗೆ ಹೋಗಬೇಕು?

ಏರಿನಲ್ಲೂ ಅದೇ ಪಾಠ

ಹತ್ತುವಾಗಲೂ ಗೇರು ಮೊದಲೇ. ದೊಡ್ಡ ಗೇರಿನಲ್ಲಿ ನುಗ್ಗಿ, ಅರ್ಧಕ್ಕೆ ಬಂದಾಗ ಇಂಜಿನ್ ಕಪ್ಪು ಹೊಗೆ ಉಗುಳಿ ಏದುಸಿರು ಬಿಡುತ್ತದೆ. ಆಗ ಕ್ಲಚ್ಚು ತುಳಿದರೆ ಲೋಡು ಹಿಂದಕ್ಕೆ ಎಳೆಯುತ್ತದೆ. ಪಕ್ಕದಲ್ಲಿ ಕೂತ ಹುಡುಗ ಹಾರಿ ಇಳಿದು ಚಕ್ರಕ್ಕೆ ಕಲ್ಲು ಕೊಡಬೇಕು. ಅವನ ಕಾಲು ಜಾರಿದರೆ? ಸರಿ, ಹೇಗೋ ಗಾಡಿ ಮುಂದೆ ಹೋಯಿತು ಎನ್ನಿ. ಆ ಕಲ್ಲು? ಅದು ರಸ್ತೆಯಲ್ಲೇ ಉಳಿಯುತ್ತದೆ. ರಾತ್ರಿ ಅಂಗಡಿ ಬಾಗಿಲು ಹಾಕಿಕೊಂಡು ಬೈಕಿನಲ್ಲಿ ಮನೆಗೆ ಹೋಗುವವರ ಪಾಲಿಗೆ ಅದೇ ಯಮ.

ಲೋಡು ಹೇರುವುದರಲ್ಲೂ ಲೆಕ್ಕ ಬೇಕು. ಎರಡು ಚಕ್ರದ ಟ್ರೇಲರಿನಲ್ಲಿ ಕಬ್ಬು ಹಿಂದಕ್ಕೆ ಜಾಸ್ತಿಯಾದರೆ ಅದು ಟ್ರ್ಯಾಕ್ಟರಿನ ಹಿಂಭಾಗವನ್ನು ಮೇಲಕ್ಕೆತ್ತುತ್ತದೆ, ಚಕ್ರಕ್ಕೆ ನೆಲ ಸಿಕ್ಕುವುದಿಲ್ಲ. ಟ್ರೇಲರಿನ ಕೊಂಡಿಯನ್ನು ಹಾಕಬೇಕಾದ ಜಾಗಕ್ಕಿಂತ ಮೇಲೆ ಸಿಕ್ಕಿಸಿದರೆ ಏರಿನಲ್ಲಿ ಮುಂದಿನ ಚಕ್ರಗಳೇ ಗಾಳಿಗೆ ಏಳುತ್ತವೆ.

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಮಿತಿ ಮೀರಿದ ಲೋಡಿಗೆ 20,000 ರೂಪಾಯಿ, ಅದರ ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ 2,000 ರೂಪಾಯಿ ದಂಡ ಬರೆದಿದೆ. ಒಂದು ಟ್ರಿಪ್ಪಿನಲ್ಲಿ ಜಾಸ್ತಿ ಹೇರಿ ಗಳಿಸಿದ್ದು ಇದರ ಮುಂದೆ ಯಾವ ಲೆಕ್ಕ?

ಬೆಟ್ಟಕ್ಕೆ ಹೋಗುವವರೇ, ಕೇಳಿ

ಕಬ್ಬಾದರೂ ಬಿದ್ದರೆ ಎತ್ತಿ ಹಾಕಬಹುದು. ಹರಕೆ, ಜಾತ್ರೆ ಎಂದರೆ ಇದೇ ಟ್ರೇಲರಿಗೆ ಹುಲ್ಲು ಹಾಸಿ, ಮೇಲೆ ಜಮಖಾನ ಹಾಕಿ, ಹೆಂಗಸರು ಮಕ್ಕಳನ್ನು ತುಂಬಿಕೊಂಡು ಹೊರಡುವವರಿದ್ದಾರೆ. ಕಾನೂನು ಇದನ್ನು ಒಪ್ಪುವುದಿಲ್ಲ. ಮಾದಪ್ಪನ ಬೆಟ್ಟದ ರಸ್ತೆಯಂತೂ ತಾಳಬೆಟ್ಟದಿಂದ ಮೇಲೆ ತಿರುವಿನ ಮೇಲೆ ತಿರುವು. ಹೋಗುವಾಗ ಇಂಜಿನ್ನಿನ ಶಕ್ತಿ ಪರೀಕ್ಷೆ, ಬರುವಾಗ ಡ್ರೈವರಿನ ಬುದ್ಧಿ ಪರೀಕ್ಷೆ. ಎರಡನೆಯದೇ ಕಷ್ಟದ್ದು.

ಧರ್ಮಸ್ಥಳಕ್ಕೆ ಶಿರಾಡಿ ಘಾಟಿಯಲ್ಲಿ ಬಸ್ಸಿನಲ್ಲಿ ಹೋದವರು ನೆನಪು ಮಾಡಿಕೊಳ್ಳಲಿ. ಸಕಲೇಶಪುರ ದಾಟಿ ಘಾಟಿ ಶುರುವಾಗುವಾಗಲೇ ನುರಿತ ಡ್ರೈವರು ಗೇರು ಇಳಿಸುತ್ತಾನೆ. ಇಂಜಿನ್ ‘ಗುಂಯ್’ ಎನ್ನುತ್ತದೆ, ಬಸ್ಸು ನಿಧಾನವಾಗುತ್ತದೆ. ‘ಏನಪ್ಪಾ, ಗಾಡಿ ಕೆಟ್ಟಿದೆಯಾ?’ ಎಂದು ಕೇಳುವವರೂ ಇದ್ದಾರೆ. ಕೆಟ್ಟಿಲ್ಲ ತಾಯಿ, ನಿಮ್ಮನ್ನು ಮನೆ ಸೇರಿಸುವ ಸದ್ದು ಅದು.

ಅಂಗಡಿಗೆ ಸಾಮಾನು ತರುವ ಚಿಕ್ಕ ಗೂಡ್ಸ್ ಗಾಡಿಗೂ ಇದೇ ಮಾತು. ಹೊಸದಾಗಿ ಆಟೋಮ್ಯಾಟಿಕ್ ಕಾರು ಕೊಂಡವರು ‘ನಮಗೆ ಗೇರೇ ಇಲ್ಲ’ ಎಂದು ಬೀಗುವುದು ಬೇಡ. ಲಿವರಿನ ಪಕ್ಕದಲ್ಲಿ ‘ಡಿ’ ಅಲ್ಲದೆ ‘ಎಲ್’, ‘2’ ಅಥವಾ ‘ಎಂ’ ಎಂದು ಇರುತ್ತದಲ್ಲ, ಅದು ಇಂಥ ಇಳುಕಲಿಗೂ ಇರುವುದು. ಅಮೆರಿಕದಲ್ಲಿ ಪಿಕಪ್ ಗಾಡಿಯ ಹಿಂದೆ ಮಂಚ, ಒಲೆ ಎಲ್ಲ ಇರುವ ಟ್ರೇಲರನ್ನು ಕಟ್ಟಿಕೊಂಡು ಜನ ಊರೂರು ಸುತ್ತುತ್ತಾರೆ. ಅಲ್ಲಿನ ಅನೇಕ ಗಾಡಿಗಳಲ್ಲಿ ಭಾರ ಎಳೆಯುವಾಗ ಒತ್ತಲೆಂದೇ ಒಂದು ಗುಂಡಿ ಇದೆ. ಅದನ್ನು ಒತ್ತಿದರೆ ಗಾಡಿ ಅವಸರದಲ್ಲಿ ಮೇಲಿನ ಗೇರಿಗೆ ಹೋಗುವುದಿಲ್ಲ, ಇಳುಕಲಿನಲ್ಲಿ ತಾನಾಗಿ ಕೆಳಗಿನ ಗೇರಿಗೆ ಬರುತ್ತದೆ. ಅಲ್ಲಿ ಗುಂಡಿ ಮಾಡುವ ಕೆಲಸವನ್ನು ಇಲ್ಲಿ ನಮ್ಮ ಹುಡುಗರ ಕೈ ಮಾಡಬೇಕು, ಅಷ್ಟೆ.

ಯಾರು ಹೇಳಬೇಕು?

ಲೈಸೆನ್ಸ್ ಇಲ್ಲದ ಹದಿನಾರರ ಹುಡುಗನ ಕೈಗೆ ಕೀ ಕೊಟ್ಟು ‘ಹುಷಾರಾಗಿ ಹೋಗ್ಲಾ ಮಗಾ’ ಎಂದರೆ ಹುಷಾರು ತಾನಾಗಿ ಬರುವುದಿಲ್ಲ. ಟ್ರ್ಯಾಕ್ಟರಿನ ಯಜಮಾನರು ಟ್ರಿಪ್ಪಿನ ಲೆಕ್ಕ ಕೇಳುವ ಮೊದಲು ಇಳುಕಲಿನಲ್ಲಿ ಯಾವ ಗೇರಿನಲ್ಲಿ ಬಂದೆ ಎಂದು ಕೇಳಲಿ. ಆಲೆಮನೆಯವರು, ಕಾರ್ಖಾನೆಯ ಗೇಟಿನವರು ಕಬ್ಬು ತೂಗುವಾಗ ಪೆಡಲಿನ ಕೊಂಡಿಯನ್ನೂ ಒಮ್ಮೆ ನೋಡಲಿ. ಟ್ರೇಲರಿನ ಹಿಂದೆ ಹೊಳೆಯುವ ಪಟ್ಟಿ ಇದೆಯೋ ಸೋಗೆಯಲ್ಲಿ ಮುಚ್ಚಿಹೋಗಿದೆಯೋ ಎಂದೂ ನೋಡಲಿ. ಇದಕ್ಕೆಲ್ಲ ಕಾಸು ಖರ್ಚಿಲ್ಲ.

ಬಸ್ಸಿನಲ್ಲಿ ಕುಳಿತವರಿಗೂ ಒಂದು ಮಾತು. ನಾಳೆ ಇಳುಕಲಿನಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ‘ಗುಂಯ್’ ಎನ್ನುತ್ತಾ ಆಮೆಯ ಹಾಗೆ ಇಳಿಯುತ್ತಿದ್ದರೆ ಬೈಯಬೇಡಿ. ಕೆಲಸಕ್ಕೆ ಐದು ನಿಮಿಷ ತಡವಾಗಬಹುದು. ಆ ಹುಡುಗನೂ ಮನೆ ಸೇರುತ್ತಾನೆ, ನೀವೂ ಸೇರುತ್ತೀರಿ.