ನಳಿಕೆ ತೆಗೆದ ಮೇಲಿನ ಆರು ಗಂಟೆ

ಸದಸ್ಯರ ಮನೆಯ ಹೆಂಗಸರು ಸಿಸೇರಿಯನ್ ಹೆರಿಗೆಗೋ ಗರ್ಭಕೋಶದ ಶಸ್ತ್ರಚಿಕಿತ್ಸೆಗೋ ಘಟ್ಟ ಇಳಿದು ಆಸ್ಪತ್ರೆ ಸೇರುವುದು ಹೊಸತಲ್ಲ. ಅಲ್ಲಿ ಮೂತ್ರ ಹೋಗಲು ನಳಿಕೆ, ಅಂದರೆ ಕ್ಯಾಥೆಟರ್, ಹಾಕುತ್ತಾರೆ. ಅದನ್ನು ತೆಗೆದ ಮೇಲೆ ದಾದಿ "ಹೋಯಿತೇ?" ಎಂದರೆ, ನಾಲ್ಕು ಹನಿ ಹೋಗಿದ್ದರೂ ನಮ್ಮವರು ಸಂಕೋಚದಿಂದ "ಹೋಯಿತು" ಎನ್ನುತ್ತಾರೆ. ಒಳಗೆ ಉಳಿದದ್ದೆಷ್ಟು ಎಂಬ ಪ್ರಶ್ನೆ ಅಲ್ಲಿಗೇ ಮುಚ್ಚಿಹೋಗುತ್ತದೆ. ಗೊಬ್ಬರ, ಬೋರ್ಡೋ ದ್ರಾವಣದ ಪುಟದಲ್ಲಿ ಇದೇಕೆ ಎನ್ನುವವರು ದಯವಿಟ್ಟು ಮುಂದೆ ಓದಬೇಕು.

ವಯಸ್ಕರ ಮೂತ್ರಕೋಶ ಸುಮಾರು 400ರಿಂದ 500 ಮಿಲಿಲೀಟರ್ ಹಿಡಿಯುತ್ತದೆ. ಖಾಲಿಯಾಗಬೇಕಾದರೆ ಅದರ ಗೋಡೆಯ ಸ್ನಾಯು ಕುಗ್ಗಬೇಕು, ಅದೇ ಹೊತ್ತಿಗೆ ಕೆಳಗಿನ ಬಾಗಿಲು ಸಡಿಲಬೇಕು. ನಳಿಕೆ ಇರುವಾಗ ಈ ಕೆಲಸವಿಲ್ಲ. ಮೂತ್ರ ತಾನಾಗಿ ಚೀಲಕ್ಕೆ ಇಳಿಯುತ್ತದೆ. ಆದರೂ ಕೋಶ ಪೂರ್ತಿ ಬರಿದಾಗದು. ನಳಿಕೆ ಜಾರದಂತೆ ನೀರು ತುಂಬಿದ ಪುಟ್ಟ ಬಲೂನು ಒಳಗಿರುತ್ತದೆ. ಮೂತ್ರ ಹೊಗುವ ಕಿಂಡಿ ಅದಕ್ಕಿಂತ ಮೇಲೆ. ತೊಟ್ಟಿಯ ತಳದಿಂದ ನಾಲ್ಕು ಬೆರಳು ಮೇಲೆ ಕೊಳವೆ ಕೂರಿಸಿದರೆ ಅಡಿಯ ನೀರು ಉಳಿಯುವುದಲ್ಲವೇ, ಹಾಗೆ. ಹೆಂಗಸರ ಮೂತ್ರನಾಳ ಸುಮಾರು 4 ಸೆಂಟಿಮೀಟರ್ ಮಾತ್ರ. ಕ್ರಿಮಿಗೆ ದಾರಿ ಹತ್ತಿರ. ದಿನ ಕಳೆದಂತೆ ಸೋಂಕಿನ ಭಯ ಏರುವುದರಿಂದ, ಅಗತ್ಯ ಮುಗಿದ ದಿನವೇ ನಳಿಕೆ ತೆಗೆಸುವುದು ಲೇಸು.

ತೆಗೆದ ಮೇಲೆ ಆರು ಗಂಟೆಯೊಳಗೆ ಮೂತ್ರ ಹೋಗದಿದ್ದರೆ ವೈದ್ಯರಿಗೆ ಹೇಳಲೇಬೇಕು. ಬೆನ್ನಿಗೆ ಕೊಟ್ಟ ಅರಿವಳಿಕೆಯಿಂದ ಕೋಶ ತುಂಬಿದ್ದೇ ತಿಳಿಯದಿರಬಹುದು. ನೋವು, ಊತ, ಮಲಬದ್ಧತೆಗಳೂ ತಡೆಯುತ್ತವೆ. ಪರದೆಯಿಲ್ಲದ ವಾರ್ಡಿನಲ್ಲಿ ಹಾಸಿಗೆಯ ಮೇಲೇ ಪಾತ್ರೆ ಕೊಟ್ಟರೆ ಯಾವ ಹೆಂಗಸಿಗೆ ಹೋದೀತು? ವೈದ್ಯರ ಒಪ್ಪಿಗೆಯಿದ್ದರೆ ಕೈಹಿಡಿದು ಶೌಚಾಲಯಕ್ಕೆ ಕರೆದೊಯ್ಯಿರಿ. ಹನಿಹನಿ ಸೋರುವುದನ್ನು ಕಂಡು ಸಮಾಧಾನಪಡಬೇಡಿ; ತುಂಬಿದ ಕೆರೆಗೂ ಕೋಡಿ ಹರಿಯುತ್ತದೆ. ಅತಿಯಾಗಿ ಹಿಗ್ಗಿದ ಸ್ನಾಯು ವಾರಗಟ್ಟಲೆ ಸೋತು ಮಲಗಬಹುದು. ಹೋದದ್ದನ್ನು ಅಳತೆಯ ಪಾತ್ರೆಯಲ್ಲಿ ಹಿಡಿದು, ಉಳಿದದ್ದನ್ನು ಸ್ಕ್ಯಾನ್‌ನಿಂದ ನೋಡುವಂತೆ ಕೇಳುವುದರಲ್ಲಿ ನಾಚಿಕೆ ಬೇಡವೆಂದು ನಮ್ಮ ಅಭಿಪ್ರಾಯ. ಸಾಮಾನ್ಯವಾಗಿ 50 ಮಿಲಿಲೀಟರಿಗಿಂತ ಕಡಿಮೆ ಉಳಿದರೆ ಚಿಂತೆಯಿಲ್ಲ. 200 ದಾಟಿದರೆ ಸರಿಯಾಗಿ ಖಾಲಿಯಾಗುತ್ತಿಲ್ಲವೆಂದೇ ಅರ್ಥ.

ಹಾಗಾದರೆ ಮತ್ತೆ ದಿನಗಟ್ಟಲೆ ನಳಿಕೆಯೇ ಗತಿಯೇ? ಹಾಗೇನಿಲ್ಲ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಡಾ. ಜ್ಯಾಕ್ ಲ್ಯಾಪಿಡಿಸ್ 1972ರಲ್ಲಿ ಬೇರೊಂದು ದಾರಿ ತೋರಿದರು. ದಿನಕ್ಕೆ ಕೆಲವು ಬಾರಿ ರೋಗಿಯೇ ಶುಭ್ರವಾದ ಕೈಯಿಂದ ಸಣ್ಣ ನಳಿಕೆ ತೂರಿಸಿ, ಕೋಶ ಬರಿದುಮಾಡಿ, ತೆಗೆದುಬಿಡುವುದು. ಕೋಶ ಅತಿಯಾಗಿ ಹಿಗ್ಗಿ ರಕ್ತಸಂಚಾರ ಕುಂದುವುದೇ ಸೋಂಕಿಗೆ ಮುಖ್ಯ ಕಾರಣವೆಂಬುದು ಅವರ ವಾದ. ಇಂದು ಇದು ಎಲ್ಲೆಡೆ ಒಪ್ಪಿದ ಕ್ರಮ. ವೈದ್ಯರು ಸೂಚಿಸಿದರೆ ದಾದಿಯೇ ಕಲಿಸಿಕೊಡುತ್ತಾಳೆ. ಮೊದಲ ಕೆಲವು ದಿನ ಕೈಗನ್ನಡಿಯೊಂದು ಬೇಕಾದೀತು.