ವಾಣಿಜ್ಯ–ಕೈಗಾರಿಕಾ ಖಾತೆಯ ಪೂರ್ವೋತ್ತರ

ದಿಲ್ಲಿಯ ಮಂತ್ರಿಮಂಡಲದಲ್ಲಿ ವಾಣಿಜ್ಯ–ಕೈಗಾರಿಕಾ ಖಾತೆಯು ಇಂದು ಮೇಲ್ಪಂಕ್ತಿಯ ಖಾತೆಗಳಲ್ಲೊಂದು. ಗಿರಣಿಯ ಒಡೆಯರೂ ರೇವುಪಟ್ಟಣದ ವರ್ತಕರೂ ಅದರ ಮಂತ್ರಿಗಳ ಮಾತಿಗೆ ಕಿವಿಗೊಡುತ್ತಾರೆ. ಆದರೆ ಈ ಖಾತೆಯು ಹುಟ್ಟಿದಾಗ ಅದಕ್ಕೆ ಹೆಸರಿತ್ತೇ ಹೊರತು ಕೈಗಾರಿಕೆಯನ್ನು ಕಾಯುವ ಅಧಿಕಾರವಿರಲಿಲ್ಲವೆಂಬುದನ್ನು ವಾಚಕರು ನೆನೆಯಬೇಕು.

ಲಾರ್ಡ್ ಕರ್ಜನ್ನರು 1905ರಲ್ಲಿ ಇದನ್ನು ಸ್ಥಾಪಿಸಿದರು. ವೈಸರಾಯರ ಕಾರ್ಯಕಾರಿ ಮಂಡಲದ ಸದಸ್ಯರಾಗಿದ್ದ ಸರ್ ಜಾನ್ ಹ್ಯೂವೆಟ್ಟರು ಇದರ ಮೊದಲ ಅಧಿಪತಿಗಳು. ವಂಗಭಂಗವಾದುದೂ ಸ್ವದೇಶಿಯ ಕೂಗು ಎದ್ದುದೂ ಅದೇ ವರ್ಷ. ಆಗ ನಮ್ಮ ಗಿರಣಿಗಳ ಅರಿವೆಯು ನೂರಕ್ಕೆ 3½ರಂತೆ ಸುಂಕ ತೆರುತ್ತಿತ್ತು. ಆಮದಿನ ಬಟ್ಟೆಗೆ ಹಾಕಿದ ಸುಂಕದಿಂದ ಲ್ಯಾಂಕಶಾಯರಿಗೆ ಹಾನಿಯಾಗಬಾರದೆಂದು 1896ರಲ್ಲಿ ಅಷ್ಟೇ ಭಾರವನ್ನು ನಮ್ಮ ನೇಯ್ಗೆಯ ಮೇಲೂ ಹೇರಲಾಗಿತ್ತು. ಕೈಗಾರಿಕೆಯ ಹೆಸರನ್ನು ಹೊತ್ತ ಖಾತೆಯ ಕಣ್ಣೆದುರಿಗೇ ಈ ಅನ್ಯಾಯವು ಇಪ್ಪತ್ತು ವರ್ಷ ನಡೆದು, 1926ರಲ್ಲಿ ರದ್ದಾಯಿತು!

ಮದರಾಸಿನ ಕಥೆಯು ಇನ್ನೂ ಬೋಧಪ್ರದವಾದುದು. ಅಲ್ಲಿಯ ಸರಕಾರದ ಪರವಾಗಿ ಆಲ್ಫ್ರೆಡ್ ಚಾಟರ್ಟನ್ನರು ಅಲ್ಯುಮಿನಿಯಂ ಪಾತ್ರೆಗಳ ತಯಾರಿಕೆಯನ್ನೂ ಕ್ರೋಮ್ ಪದ್ಧತಿಯ ಚರ್ಮ ಹದಮಾಡುವಿಕೆಯನ್ನೂ ಆರಂಭಿಸಿ ನೆಲೆಗೊಳಿಸಿದರು. ಯುರೋಪಿಯನ್ ವರ್ತಕರು ಇದನ್ನು ಸಹಿಸಲಿಲ್ಲ. ಸರಕಾರವು ಕಸಬನ್ನು ಕಲಿಸಬಹುದು, ಕಾರ್ಖಾನೆ ನಡೆಯಿಸಕೂಡದೆಂದು ಭಾರತಮಂತ್ರಿಗಳಾಗಿದ್ದ ಲಾರ್ಡ್ ಮಾರ್ಲೆಯವರು 1910ರಲ್ಲಿ ಕಟ್ಟಪ್ಪಣೆ ಮಾಡಿದರು. ಹೀಗೆ ಬೇಡವಾದ ಚಾಟರ್ಟನ್ನರನ್ನು ಮೈಸೂರು ಸಂಸ್ಥಾನವು ಬರಮಾಡಿಕೊಂಡು ತನ್ನ ಕೈಗಾರಿಕಾ ಇಲಾಖೆಯನ್ನು ಅವರಿಗೆ ಒಪ್ಪಿಸಿತು. ಯುದ್ಧದಿಂದ ಜರ್ಮನಿಗೆ ಹೋಗುತ್ತಿದ್ದ ಶ್ರೀಗಂಧವು ನಿಂತಾಗ, ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, 1916ರಲ್ಲಿ, ಬೆಂಗಳೂರಿನಲ್ಲಿ ಸರಕಾರವೇ ಗಂಧದೆಣ್ಣೆಯನ್ನು ತೆಗೆಯತೊಡಗಿತು. ಮದರಾಸಿನಲ್ಲಿ ಮಹಾಪರಾಧವಾದುದು ಮೈಸೂರಿನಲ್ಲಿ ರಾಜಧರ್ಮವಾಯಿತು.

ಯುದ್ಧವು ಆಂಗ್ಲ ಸರಕಾರದ ಕಣ್ಣನ್ನೂ ತೆರೆಯಿಸಿತು. 1916ರಲ್ಲಿ ಸರ್ ಥಾಮಸ್ ಹಾಲೆಂಡರ ಅಧ್ಯಕ್ಷತೆಯಲ್ಲಿ ಕೈಗಾರಿಕಾ ಆಯೋಗವು ನೇಮಕವಾಗಿ 1918ರಲ್ಲಿ ವರದಿ ಕೊಟ್ಟಿತು. ಪಂಡಿತ ಮದನಮೋಹನ ಮಾಳವೀಯರು ಅದಕ್ಕೆ ಜೋಡಿಸಿದ ಭಿನ್ನಾಭಿಪ್ರಾಯದ ಟಿಪ್ಪಣಿಯೇ ನಮಗೆ ಮೂಲವರದಿಗಿಂತ ಬೆಲೆಯುಳ್ಳದ್ದಾಗಿ ತೋರುತ್ತದೆ. 1921ರಲ್ಲಿ ಕೈಗಾರಿಕೆಯು ವಾಣಿಜ್ಯದಿಂದ ಬೇರ್ಪಟ್ಟಿತು. ಎರಡು ವರ್ಷಗಳಲ್ಲಿ ಕಾರ್ಮಿಕ ಖಾತೆಯೊಡನೆ ಕೂಡಿತು. ಪ್ರಾಂತಗಳಲ್ಲಿ ಕೈಗಾರಿಕೆಯನ್ನು ದೇಶೀಯ ಮಂತ್ರಿಗಳಿಗೆ ಬಿಟ್ಟುಕೊಟ್ಟರೂ ಬೊಕ್ಕಸದ ಬೀಗದ ಕೈಯನ್ನು ಕೊಡಲಿಲ್ಲ. 1924ರಲ್ಲಿ ಜಮ್‌ಶೆಡ್‌ಪುರದ ಉಕ್ಕಿಗೆ ರಕ್ಷಣಸುಂಕ ದೊರೆತುದೂ ವಾಣಿಜ್ಯ ಸದಸ್ಯರ ಮೂಲಕವೇ.

1947ರಲ್ಲಿ ಡಾ. ಶ್ಯಾಮಪ್ರಸಾದ ಮುಖರ್ಜಿಯವರು ಸ್ವತಂತ್ರ ಭಾರತದ ಮೊದಲ ಕೈಗಾರಿಕಾ ಮಂತ್ರಿಗಳಾದರು, ವಾಣಿಜ್ಯವು ಸಿ. ಎಚ್. ಭಾಭಾರವರ ವಶದಲ್ಲಿತ್ತು. 1951ರ ಕೈಗಾರಿಕಾ ಕಾಯಿದೆಯಿಂದ ಚಿತ್ರವೇ ತಿರುಗಿತು. ಹಿಂದೆ ಕೈಕಟ್ಟಿಸಿಕೊಂಡಿದ್ದ ಖಾತೆಯು ಈಗ ಇತರರ ಕೈ ಕಟ್ಟಬಲ್ಲದಾಯಿತು. ದೊಡ್ಡ ಕಾರ್ಖಾನೆಯನ್ನು ಹೂಡುವವರು ಅದರ ಲೈಸೆನ್ಸಿಗಾಗಿ ಕಾಯಬೇಕಾಯಿತು. ಟಿ. ಟಿ. ಕೃಷ್ಣಮಾಚಾರಿ, ಮೊರಾರ್ಜಿ ದೇಸಾಯಿ, ಲಾಲಬಹಾದುರ ಶಾಸ್ತ್ರಿಗಳು ಜೋಡು ಖಾತೆಯನ್ನು ವಹಿಸಿದರು. ಮೈಸೂರಿನ ಮೊದಲ ಮುಖ್ಯಮಂತ್ರಿ ಕೆ. ಚೆಂಗಲರಾಯ ರೆಡ್ಡಿಯವರು ಶಾಸ್ತ್ರಿಗಳ ತರುವಾಯ ಬಂದವರು. 1991ರ ಜುಲೈ 24ರ ನೀತಿಯಿಂದ ಬಹುತೇಕ ಲೈಸೆನ್ಸುಗಳು ಹೋದವು. ಆಗ ಕೈಗಾರಿಕಾ ಖಾತೆಯು ಪ್ರಧಾನಿ ನರಸಿಂಹರಾಯರ ಬಳಿಯೇ ಇತ್ತು.

ನಡುವೆ ಮತ್ತೆ ಒಡೆದಿದ್ದ ಜೋಡಿಯು ಬೇಗ ಕೂಡಲಿಲ್ಲ. 1998ರಲ್ಲಿ ನಮ್ಮ ರಾಮಕೃಷ್ಣ ಹೆಗಡೆಯವರು ವಾಣಿಜ್ಯವನ್ನು ವಹಿಸಿದಾಗ ಕೈಗಾರಿಕೆಯು ಸಿಕಂದರ್ ಬಖ್ತರದಾಗಿತ್ತು. 1999ರಲ್ಲಿ ಮುರಸೊಲಿ ಮಾರನ್ನರ ಕೈಯಲ್ಲಿ ಎರಡೂ ಒಂದಾದುವು. ಆದರೂ ಉಕ್ಕು, ಜವಳಿ, ಭಾರೀ ಕೈಗಾರಿಕೆ, ಸಣ್ಣ ಉದ್ಯಮಗಳಿಗೆ ಪ್ರತ್ಯೇಕ ಸಚಿವಾಲಯಗಳಿವೆ. ಆಮದಿನ ಮೇಲೆ ಸುಂಕ ಹಾಕಬೇಕೆಂದು ವಾಣಿಜ್ಯದವರು ಶಿಫಾರಸು ಮಾಡಬಹುದು, ಹಾಕುವವರು ಹಣಕಾಸಿನವರು.